ಮರೀನ್ ಡ್ರೈವ್‌ನ ಉಪ್ಪುನೀರಿನ ಕಾಮನಬಿಲ್ಲು

"ಮಳಿಗಾಲದಾಗ ಮುಂಬೈಗೆ ಯಾಕ ಹೊಂಟಿ?" ಅಂತ ಹುಬ್ಬಳ್ಳಿಯಲ್ಲಿ ಎಲ್ಲರೂ ಕೇಳಿದರು. ಕಾಮನಬಿಲ್ಲು ನೋಡಲಿಕ್ಕೆ ಅಂದೆ. ಅದು ಅದೃಷ್ಟ ಇದ್ದರೆ ಕಾಣುವಂಥದ್ದು ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಹೊತ್ತು, ದಿಕ್ಕು ನೋಡಿಕೊಂಡು ಹೊರಟರೆ ಸಿಗುವ ಸಾಧ್ಯತೆ ಜಾಸ್ತಿ.

ಸೂರ್ಯ ನಮ್ಮ ಬೆನ್ನಿಗಿರಬೇಕು, ದಿಗಂತದಿಂದ 42 ಡಿಗ್ರಿಗಿಂತ ಕೆಳಗಿರಬೇಕು, ಎದುರಿಗೆ ನೀರಿನ ಹನಿಗಳಿರಬೇಕು. ಮರೀನ್ ಡ್ರೈವ್‌ನಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಹಾಗಾಗಿ ಬೆಳಗ್ಗೆಯೇ ಹೋಗಬೇಕು. ಅಲೆ ಸಿಡಿದು ಹನಿ ಏಳಬೇಕಾದರೆ ಸಮುದ್ರ ಉಬ್ಬರದಲ್ಲಿರಬೇಕು. ಆದರೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಅಲ್ಲಿ ಬರುವುದು ನಡುಹಗಲಿನ ಆಸುಪಾಸು. ಆಗ ಸೂರ್ಯ ನೆತ್ತಿಯ ಮೇಲೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಹುಣ್ಣಿಮೆಗೆ ಕೆಲವು ದಿನ ಮುಂಚೆ ಅದು ಬೆಳಗ್ಗೆಯೇ ಬರುತ್ತದೆ. ಅದಕ್ಕೇ ಆಗ ಬರುವ ಆಷಾಢ ಏಕಾದಶಿಯನ್ನು ಆರಿಸಿಕೊಂಡೆ.

ಚಿಕ್ಕಪ್ಪನ ಮನೆ ಮಾಟುಂಗಾದಲ್ಲಿ. ವಡಾಳಾದ ವಿಠ್ಠಲನ ಗುಡಿಗೆ ಹೊರಟವರಿಂದ ರಸ್ತೆ ನಸುಕಿನಲ್ಲೇ ತುಂಬಿತ್ತು. ಚಿಕ್ಕಮ್ಮ ಮಾಡಿದ ಸಾಬೂದಾಣಿ ಖಿಚಡಿ ತಿಂದು, ತಂಗಿಯ ಜೊತೆ ಸ್ಲೋ ಲೋಕಲ್‌ನಲ್ಲಿ ಚರ್ಚ್‌ಗೇಟ್‌ಗೆ ಹೋದೆ.

ಎಂಟೂವರೆಗೆ ಮೋಡ ಸರಿಯಿತು. ಉಬ್ಬರ ದೊಡ್ಡದಿರಲಿಲ್ಲ, ಆದರೆ ಆಷಾಢದ ಗಾಳಿ ಅಲೆಗಳನ್ನು ದಂಡೆಗೆ ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳಿಗೆ, ಅಂದರೆ ಟೆಟ್ರಾಪಾಡ್‌ಗಳಿಗೆ, ಅಪ್ಪಳಿಸುತ್ತಿತ್ತು. ಎದ್ದ ತುಂತುರಿನಲ್ಲಿ ಬಣ್ಣದ ತುಂಡೊಂದು ಹೊಳೆದು ಮಾಯವಾಯಿತು. ಮುಂದಿನ ಅಲೆಗೆ ಮತ್ತೆ ಅಲ್ಲೇ!

"ಅಣ್ಣಾ, ಎಲ್ಲಿ? ನನಗೆ ಕಾಣ್ತಿಲ್ಲ" ಅಂದಳು ತಂಗಿ. ಅವಳು ನನ್ನಿಂದ ಸ್ವಲ್ಪ ದೂರ ನಿಂತಿದ್ದಳು. ನನ್ನ ಬಿಲ್ಲು ಮೂಡಿದ ಹನಿಗಳು ಅವಳಿಗೆ ಬೇರೆ ಕೋನದಲ್ಲಿದ್ದವು. ಅವಳ ಬಿಲ್ಲಿಗೆ ಅವಳದೇ ಹನಿಗಳು ಬೇಕು.

ಬೆಳಕು ಹನಿಯೊಳಗೆ ಹೋಗುವಾಗ ಬಾಗುತ್ತದೆ, ಹಿಂಗೋಡೆಗೆ ತಾಗಿ ತಿರುಗುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ಹನಿಯ ಎಲ್ಲ ಕಡೆಯಿಂದ ಒಳಹೊಕ್ಕ ಕಿರಣಗಳು ಬೇರೆಬೇರೆ ಕೋನದಲ್ಲಿ ಹೊರಬಂದರೂ 42 ಡಿಗ್ರಿಯ ಹತ್ತಿರ ಗುಂಪುಗೂಡುತ್ತವೆ. ಹೊಳಪಿಗೆ ಕಾರಣ ಅದೇ. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ದೆಕಾರ್ತ್ ಒಂದೊಂದೇ ಕಿರಣದ ಲೆಕ್ಕ ಹಾಕಿ ಇದನ್ನು ತೋರಿಸಿದ. ಕೆಂಪು 42ರಲ್ಲಿ, ನೇರಳೆ ಸುಮಾರು 40ರಲ್ಲಿ. ಬಣ್ಣಗಳು ಯಾಕೆ ಬೇರೆಯಾಗುತ್ತವೆ ಅನ್ನುವುದನ್ನು ನ್ಯೂಟನ್ ಆಮೇಲೆ ಬಿಡಿಸಿದ. ಕೈ ಚಾಚಿ ಗೇಣು ಹಿಡಿದರೆ ಹೆಚ್ಚುಕಡಿಮೆ 20 ಡಿಗ್ರಿ. ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಎರಡು ಗೇಣು ಅಳೆದರೆ ಬಿಲ್ಲಿನ ಜಾಗ ಸಿಗುತ್ತದೆ. ತಂಗಿ ಅಳೆದಳು, ಕಂಡಿತು.

ನಾನು ಅಷ್ಟು ದೂರ ಹೋದದ್ದು ಉಪ್ಪಿಗಾಗಿ. ಉಪ್ಪುನೀರು ಬೆಳಕನ್ನು ತುಸು ಹೆಚ್ಚು ಬಾಗಿಸುತ್ತದೆ. ಅದಕ್ಕೆ ಸಮುದ್ರದ ತುಂತುರಿನ ಬಿಲ್ಲು ಮಳೆಯ ಬಿಲ್ಲಿಗಿಂತ ಸುಮಾರು ಒಂದು ಡಿಗ್ರಿ ಒಳಗಿರುತ್ತದೆ. ಚಂದ್ರ ಕಾಣುವ ಅಗಲದ ಎರಡರಷ್ಟು. ಆಚೆ ಮಳೆಯೂ ಈಚೆ ತುಂತುರೂ ಒಟ್ಟಿಗೆ ಇದ್ದರೆ ಬಿಲ್ಲು ಕೆಳಗೆ ಮುರಿದು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಅವತ್ತು ಮಳೆ ಬರಲಿಲ್ಲ, ನಮಗೆ ಸಿಕ್ಕಿದ್ದು ಉಪ್ಪಿನ ಬಿಲ್ಲು ಮಾತ್ರ. ಅದೇ ಬೇಕಾದಷ್ಟಾಯಿತು.

ಒಂಬತ್ತೂಕಾಲರ ಹೊತ್ತಿಗೆ ಸೂರ್ಯ ಮೇಲೇರಿ ಬಿಲ್ಲು ದಿಗಂತದ ಮಟ್ಟಕ್ಕಿಳಿಯಿತು. ನೀವು ಹೋದರೆ ಅದಕ್ಕೂ ಮುಂಚೆ ತಲುಪಿ. ಕಟ್ಟೆ ದಾಟಬೇಡಿ, ಅಲೆ ಎಳೆದುಕೊಂಡು ಹೋಗುತ್ತದೆ. ಸಂಜೆ ಹೋಗುವುದಾದರೆ ಸಮುದ್ರಕ್ಕೆ ಬೆನ್ನು ಹಾಕಿ, ಊರಿನ ಮೇಲೆ ಸುರಿಯುವ ಮಳೆಯಲ್ಲಿ ಹುಡುಕಿ.