‘ಇವತ್ತಿಗೆ ಸಾಕು’ ಅನ್ನುವ ಕೆಲಸ

ಕಾಲೇಜು ತಂಡದ ಅಥ್ಲೆಟಿಕ್ಸ್ ಕೋಚ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್, ‘ಇನ್ನೂ ಜೋರಾಗಿ’ ಅನ್ನುವ ಕೂಗು. ನಿಜ ಹೇಳಬೇಕೆಂದರೆ ಕೂಗುವ ಪ್ರಸಂಗ ಬರುವುದೇ ಅಪರೂಪ. ಆಯ್ಕೆಯಾಗಿ ತಂಡಕ್ಕೆ ಬರುವ ಹುಡುಗ ಹುಡುಗಿಯರಿಗೆ ಆಗಲೇ ಓಟದ ಹುಚ್ಚು ಹತ್ತಿರುತ್ತದೆ. ಅವರನ್ನು ಹುರಿದುಂಬಿಸಲು ಯಾರು ಬೇಕಾದರೂ ಸಾಕು. ತಡೆದು ನಿಲ್ಲಿಸಲು ಮಾತ್ರ ಕೋಚ್ ಬೇಕು. ಸಹಾಯಕ ಕೋಚ್ ಆಗಿ ಸೇರುವ ಹೊಸಬರಿಗೆ ಮೊದಲ ವಾರದಲ್ಲೇ ನಾನು ಹೇಳುವ ಮಾತು ಇದು. ಅವರು ನಂಬಲು ಒಂದು ಸೀಸನ್ ಬೇಕಾಗುತ್ತದೆ.

ಒಂದು ಉದಾಹರಣೆ. 400 ಮೀಟರ್ ಓಟಗಾರ್ತಿಗೆ 200 ಮೀಟರಿನ ಆರು ಓಟ, ನಡುವೆ ಮೂರು ನಿಮಿಷ ವಿರಾಮ. ಮೊದಲ ಮೂರು 28 ಸೆಕೆಂಡಿನ ಆಸುಪಾಸು. ನಾಲ್ಕನೆಯದೂ 28ಕ್ಕೇ ಮುಗಿಯುತ್ತದೆ. ವಾಚ್ ಪ್ರಕಾರ ಎಲ್ಲ ಸರಿಯಿದೆ. ಆದರೆ ತಿರುವು ದಾಟಿ ನೇರಕ್ಕೆ ಬರುವಾಗ ಗದ್ದ ಮೇಲೆದ್ದಿದೆ, ಭುಜ ಕಿವಿಯ ಹತ್ತಿರಕ್ಕೆ ಏರಿದೆ, ಸಡಿಲವಾಗಿದ್ದ ಬೆರಳುಗಳು ಮುಷ್ಟಿ ಕಟ್ಟಿವೆ. ಎಲ್ಲಕ್ಕಿಂತ ಮೊದಲು ಬದಲಾಗುವುದು ಹೆಜ್ಜೆಯ ಸದ್ದು. ಆರಂಭದಲ್ಲಿ ‘ಟಪ್ ಟಪ್’ ಅಂತ ಚುರುಕಾಗಿ ಏಳುತ್ತಿದ್ದ ಪಾದ ಈಗ ‘ಥಪ್ಪ್, ಥಪ್ಪ್’ ಅಂತ ನೆಲಕ್ಕೆ ಅಂಟುತ್ತದೆ. ಅಂದರೆ ಪಾದ ನೆಲದ ಮೇಲಿರುವ ಹೊತ್ತು ಜಾಸ್ತಿಯಾಗಿದೆ, ಹಿಂದೊಡೆಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಮೇಲೆ ಎಳೆತ ಹೆಚ್ಚಿದೆ. ಅದೇ 28 ಸೆಕೆಂಡನ್ನು ಅವಳು ಈಗ ಹಲ್ಲು ಕಚ್ಚಿ ಎಳೆದು ತಂದಿದ್ದಾಳೆ.

“ಸ್ಪೈಕ್ಸ್ ಶೂ ಬಿಚ್ಚು” ಅನ್ನುತ್ತೇನೆ.

“ಇನ್ನೂ ಎರಡು ಬಾಕಿ ಇದೆ ಸರ್.”

“ಇವತ್ತಿಗೆ ಸಾಕು.”

ಆ ಕ್ಷಣ ಅವಳ ಮುಖದಲ್ಲಿ ಕಾಣುವುದು ಅವಮಾನ. ತಾನು ಸೋತೆ ಅಂತಲೇ ಅವಳ ಲೆಕ್ಕ. ಹಾಗಾಗಿ ಕಾರಣ ಹೇಳದೆ ನಿಲ್ಲಿಸುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕು: ಅಭ್ಯಾಸ ದೇಹವನ್ನು ದಣಿಸುತ್ತದೆ ಅಷ್ಟೆ, ದೇಹ ಗಟ್ಟಿಯಾಗುವುದು ಆಮೇಲಿನ ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ವೇಗದ ಅಭ್ಯಾಸದ ದಿನ ಸುಸ್ತಾದ ಕಾಲಲ್ಲಿ ಇನ್ನೆರಡು ಓಡಿದರೆ ಕಾಲು ಆ ಸುಸ್ತಾದ ಓಟವನ್ನೇ ರೂಢಿ ಮಾಡಿಕೊಳ್ಳುತ್ತದೆ. ಹ್ಯಾಮ್‌ಸ್ಟ್ರಿಂಗ್ ಹರಿಯುವುದಿದ್ದರೆ ಅಂಥ ಓಟದಲ್ಲೇ ಹರಿಯುವ ಸಂಭವ ಹೆಚ್ಚು, ಹರಿದರೆ ಆರು ವಾರ ಹೋಯಿತು. ಈ ಮುಖಭಂಗ ತಪ್ಪಿಸಲು ಈಗ ನಾನು ಹಾಳೆಯಲ್ಲಿ ‘ಆರು’ ಅಂತ ಬರೆಯುವುದನ್ನೇ ಬಿಟ್ಟಿದ್ದೇನೆ. ‘4ರಿಂದ 6’ ಅಂತ ಬರೆಯುತ್ತೇನೆ. ನಾಲ್ಕಕ್ಕೆ ನಿಂತರೂ ಅಂದಿನ ಕೆಲಸ ಪೂರ್ತಿಯಾದ ಹಾಗೆ. ಸಣ್ಣ ಬದಲಾವಣೆ, ಆದರೆ ವಾದ ಅರ್ಧಕ್ಕರ್ಧ ಕಡಿಮೆಯಾಗಿದೆ.

ಇದೆಲ್ಲ ಇವತ್ತಿನ ಹೊಸ ವಿಜ್ಞಾನವೇನಲ್ಲ. 1954ರಲ್ಲಿ ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಓದಿನ ನಡುವೆ ಸಿಕ್ಕ ಬಿಡುವಿನಲ್ಲೇ ಅಭ್ಯಾಸ. 440 ಗಜದ, ಅಂದರೆ ಕಾಲು ಮೈಲಿಯ, ಹತ್ತು ಓಟಗಳನ್ನು ತಲಾ 60 ಸೆಕೆಂಡಿನೊಳಗೆ ಓಡಬೇಕು ಅನ್ನುವುದು ಗುರಿ. ಏಪ್ರಿಲ್ ಹೊತ್ತಿಗೆ 61ರಲ್ಲೇ ಸಿಕ್ಕಿಹಾಕಿಕೊಂಡರು. ಆಗ ಅವರು ಮಾಡಿದ್ದು, ಗೆಳೆಯ ಕ್ರಿಸ್ ಬ್ರ್ಯಾಷರ್ ಜೊತೆ ಓಟ ಬಿಟ್ಟು ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದದ್ದು. ಕೆಲವು ದಿನಗಳ ಬಳಿಕ ಬಂದು ಓಡಿದರೆ 59. ಮೇ 6ರಂದು ಆಕ್ಸ್‌ಫರ್ಡ್‌ನ ಇಫ್ಲಿ ರಸ್ತೆಯ ಟ್ರ್ಯಾಕ್‌ನಲ್ಲಿ 3 ನಿಮಿಷ 59.4 ಸೆಕೆಂಡಿಗೆ ಒಂದು ಮೈಲಿ; ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲಿಗ ಅವರೇ. (ಬೆಟ್ಟ ಹತ್ತಿ ಕಾಲು ಉಳುಕಿಸಿಕೊಂಡಿದ್ದರೆ ಅಂತ ನೆನೆದರೆ ಕೋಚ್ ಆಗಿ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.)

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬವರ್‌ಮನ್ ಇದನ್ನೇ ಪದ್ಧತಿಯಾಗಿ ಮಾಡಿದವರು: ಒಂದು ದಿನ ಕಠಿಣ, ಮರುದಿನ ಹಗುರ. ಅವರ ಶಿಷ್ಯ ಕೆನ್ನಿ ಮೂರ್‌ಗೆ ಒಂದು ಹಗುರ ದಿನ ಸಾಲುತ್ತಿರಲಿಲ್ಲ, ಆದರೆ ಆತ ಕದ್ದು ಓಡುತ್ತಿದ್ದ. ಕೆಲವು ವಾರ ತಮ್ಮ ಕಣ್ಣೆದುರಿನ ಹಗುರ ಓಟ ಬಿಟ್ಟು ಒಂದು ಗಜವೂ ಓಡಕೂಡದು ಅಂತ ಬವರ್‌ಮನ್ ಕಟ್ಟಪ್ಪಣೆ ಮಾಡಿದರು. ಅದಾದ ಮೇಲೆ ಮೂರ್ ಓಟ ಎಲ್ಲರೂ ಬೆರಗಾಗುವಷ್ಟು ಸುಧಾರಿಸಿತು. ಮುಂದೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಆತನಿಗೆ ನಾಲ್ಕನೇ ಸ್ಥಾನ. ಒಬ್ಬರಿಗೆ ಒಂದು ಹಗುರ ದಿನ, ಇನ್ನೊಬ್ಬರಿಗೆ ಎರಡು, ಮತ್ತೊಬ್ಬರಿಗೆ ಮೂರು. ಇದನ್ನು ಕಂಡುಹಿಡಿಯಲು ಯಾವ ಯಂತ್ರವೂ ಬೇಡ, ಪ್ರತಿಯೊಬ್ಬರ ಹೆಸರಿಗೂ ಒಂದು ನೋಟ್‌ಬುಕ್, ದಿನಾ ಎರಡು ಸಾಲು ಬರೆಯುವ ತಾಳ್ಮೆ ಇದ್ದರೆ ಸಾಕು.

ಕಾಲೇಜಿನ ಕೋಚ್‌ಗೆ ಇನ್ನೊಂದು ಸಂಗತಿ ಸದಾ ನೆನಪಿರಬೇಕು. ನಮ್ಮ ಓಟಗಾರರು ದಿನಕ್ಕೆ ಎರಡು ಗಂಟೆ ಮಾತ್ರ ನಮ್ಮವರು, ಉಳಿದ ಹೊತ್ತು ವಿದ್ಯಾರ್ಥಿಗಳು. ಪರೀಕ್ಷೆಯ ಆತಂಕವನ್ನೂ ಹರ್ಡಲ್ಸ್ ಅಭ್ಯಾಸದ ದಣಿವನ್ನೂ ಹೊರುವುದು ಒಂದೇ ದೇಹ. ಸೀಸನ್ ಯೋಜನೆ ಹಾಕಲು ಕೂತಾಗ ನಾನು ಮೊದಲು ತರಿಸುವುದು ಪರೀಕ್ಷೆಯ ವೇಳಾಪಟ್ಟಿ, ಕೂಟಗಳ ಪಟ್ಟಿ ಆಮೇಲೆ. ಪರೀಕ್ಷೆಯ ವಾರ ಅಭ್ಯಾಸ ಅರ್ಧಕ್ಕೆ ಇಳಿಯುತ್ತದೆ, ಚೌಕಾಸಿ ಇಲ್ಲ. ‘ಹೇಗಿದ್ದೀಯ’ ಅಂತ ಕೇಳಿದರೆ ಎಲ್ಲರೂ ‘ಚೆನ್ನಾಗಿದ್ದೀನಿ ಸರ್’ ಅನ್ನುತ್ತಾರೆ. ‘ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟಕ್ಕೆ ಎದ್ದೆ’ ಅಂತ ಕೇಳಬೇಕು.

ದೂರದ ಓಟದ ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಓಡುವಷ್ಟು ಉಣ್ಣದಿದ್ದರೆ ದೇಹ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತಾ ಬರುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಕೊನೆಗೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು. ಕ್ರೀಡೆಯಲ್ಲಿನ ಈ ಶಕ್ತಿಯ ಕೊರತೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಂದು ಹೆಸರು ಕೊಟ್ಟದ್ದು 2014ರಲ್ಲಿ, ಹುಡುಗರಿಗೂ ಅದು ಬರುತ್ತದೆ ಅಂತಲೂ ಹೇಳಿತು. ಮುಟ್ಟು ನಿಂತರೆ ಫಿಟ್ ಆಗಿದ್ದೇನೆ ಅಂತ ಅರ್ಥ ಅನ್ನುವ ಮಾತು ಲಾಕರ್ ರೂಮುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ಅಪಾಯಕಾರಿ ಸುಳ್ಳು. ಗಂಡಸಾದ ನನ್ನೆದುರು ಹೇಳಿಕೊಳ್ಳಲು ಅವರಿಗೆ ಮುಜುಗರವಾಗುವುದು ಸಹಜ. ಆದ್ದರಿಂದ ಸೀಸನ್ನಿನ ಮೊದಲ ದಿನವೇ ತಂಡದ ವೈದ್ಯೆಯನ್ನು ಪರಿಚಯ ಮಾಡಿಸಿ, ಅವರ ಜೊತೆ ಆಡಿದ ಮಾತು ನನ್ನ ಕಿವಿಗೆ ಬೀಳಬೇಕಿಲ್ಲ, ‘ಇವತ್ತು ಓಡಿಸಬೇಡಿ’ ಅಂತ ಅವರು ಹೇಳಿದರೆ ಕಾರಣ ಕೇಳುವುದಿಲ್ಲ ಅಂತ ಎಲ್ಲರೆದುರು ಹೇಳುತ್ತೇನೆ.

ಜಿಗಿತದವರಿಗೂ ಲೆಕ್ಕ ಇದೇ. ಟ್ರಿಪಲ್ ಜಂಪ್‌ನಲ್ಲಿ (ಓಡಿ ಬಂದು ಒಂದರ ಹಿಂದೆ ಒಂದು ಮೂರು ಜಿಗಿತ) ಒಂದು ಕಾಲಿನ ಮೇಲೆ ಬೀಳುವ ಹೊಡೆತ ದೇಹತೂಕದ ಹತ್ತು ಪಟ್ಟನ್ನೂ ಮೀರಬಹುದು. ಪೂರ್ತಿ ಓಟದೊಂದಿಗಿನ ಜಿಗಿತಗಳನ್ನು ವಾರಕ್ಕೆ ಬೆರಳೆಣಿಕೆಯಷ್ಟಕ್ಕೇ ನಿಲ್ಲಿಸಬೇಕು.

ಹುಡುಗರಿಗೆ ‘ಸಾಕು’ ಅನ್ನುವುದು ರೂಢಿಯಾಗುತ್ತದೆ. ಮೇಲಿನವರಿಗೆ ಅನ್ನುವುದು ಕಷ್ಟ. ಕೋಚ್‌ಗಳ ನೇಮಕ ಹೆಚ್ಚಾಗಿ ಗುತ್ತಿಗೆಯ ಮೇಲೆ, ಅಳೆಯುವುದು ಈ ವರ್ಷ ಕೂಟಗಳಲ್ಲಿ ತಂಡ ಗಳಿಸಿದ ಅಂಕಗಳಿಂದ. ಚಾಂಪಿಯನ್‌ಷಿಪ್ ಕೂಟದಲ್ಲಿ ಒಬ್ಬಳೇ ಒಳ್ಳೆಯ ಓಟಗಾರ್ತಿಯನ್ನು 100, 200, ಎರಡೂ ರಿಲೇಗಳಿಗೆ ಇಳಿಸಿದರೆ ಅಂಕಪಟ್ಟಿ ಮೇಲೇರುತ್ತದೆ ಅನ್ನುವುದು ಯಾರಿಗಾದರೂ ತಿಳಿಯುತ್ತದೆ. ಹೀಟ್ಸ್ (ಆರಂಭಿಕ ಸುತ್ತುಗಳು) ಮತ್ತು ಫೈನಲ್ ಸೇರಿಸಿದರೆ ಎರಡು ದಿನದಲ್ಲಿ ಎಷ್ಟು ಬಾರಿ ಪೂರ್ತಿ ವೇಗದಲ್ಲಿ ಓಡಬೇಕಾಗುತ್ತದೆ ಅನ್ನುವುದು ಮೀಟಿಂಗ್ ರೂಮಿನಲ್ಲಿ ಯಾರ ತಲೆಗೂ ಬರುವುದಿಲ್ಲ. ಅಂಥ ಕಡೆ ಭಾವನೆಯ ಮಾತು ನಡೆಯದು. ನಾನು ನೋಟ್‌ಬುಕ್ ತೆಗೆದಿಡುತ್ತೇನೆ: ಇವಳು ಒಂದೇ ದಿನ ಮೂರು ಓಟ ಓಡಿದಾಗ ಮೂರನೆಯದರ ಸಮಯ ಇಷ್ಟು, ಮುಂದಿನ ವಾರ ಅಭ್ಯಾಸ ತಪ್ಪಿದ ದಿನ ಇಷ್ಟು. ಅಂಕಿ ನೋಡಿದ ಮೇಲೆ ದನಿ ತಗ್ಗುತ್ತದೆ. ಒಮ್ಮೊಮ್ಮೆ ತಗ್ಗುವುದಿಲ್ಲ. ಆಗಲೂ ಹೆಸರು ಕೊಡುವ ಅರ್ಜಿಗೆ ಸಹಿ ಹಾಕುವವನು ನಾನೇ ಆದ್ದರಿಂದ, ಸಹಿ ಹಾಕುವುದಿಲ್ಲ.

ಕೆಲಸಕ್ಕೆ ಕುತ್ತು ತಂದುಕೊಂಡಂತಲ್ಲವೇ ಅಂತ ಹೊಸಬರು ಕೇಳುತ್ತಾರೆ. ತರಬಹುದು. ಆದರೆ ಈ ವೃತ್ತಿಯಲ್ಲಿ ನಾನು ತಲೆಬಾಗುವ ಹೆಸರು ಅಮೆರಿಕದ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಎಡ್ ಟೆಂಪಲ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಅವರ ಶಿಷ್ಯೆ. ಅಲ್ಲಿ 4x100 ರಿಲೇ ಗೆದ್ದ ನಾಲ್ವರೂ ಅವರ ಕಾಲೇಜಿನವರೇ. ಟೆಂಪಲ್ ತಯಾರು ಮಾಡಿದ 40 ಒಲಿಂಪಿಯನ್ನರಲ್ಲಿ 39 ಮಂದಿ ಪದವಿ ಪಡೆದರು. ಪದಕಗಳ ಪಟ್ಟಿಗಿಂತ ಈ 39 ಅನ್ನುವ ಅಂಕಿ ನನ್ನ ಮಟ್ಟಿಗೆ ದೊಡ್ಡದು.

ಕೊನೆಯ ವರ್ಷ ಮುಗಿಸಿ ಬೇರೆ ಕ್ಲಬ್ಬಿಗೆ ಹೋಗುವವರ ಜೊತೆ ಅವರ ನೋಟ್‌ಬುಕ್ಕನ್ನೂ ಕಳಿಸುತ್ತೇನೆ. ಹೊಸ ಕೋಚ್‌ಗಳು ಫೋನ್ ಮಾಡಿ ಮೊದಲು ಕೇಳುವುದು ಅತ್ಯುತ್ತಮ ಸಮಯ ಎಷ್ಟು ಅಂತ. ಅದು ಎರಡನೇ ಪುಟದಲ್ಲಿದೆ. ಮೊದಲ ಪುಟದಲ್ಲಿ, ಕಠಿಣ ದಿನದ ಬಳಿಕ ಇವಳಿಗೆ ಎಷ್ಟು ಹಗುರ ದಿನ ಬೇಕು ಅಂತ ಬರೆದಿರುತ್ತೇನೆ.