ಜಾಮಖೇಡ: ಮಗುವನ್ನು ಮನೆಯಲ್ಲೇ ಉಳಿಸಿದ ಸೇವೆ

ಸೊಲ್ಲಾಪುರದಿಂದ ಬಾರ್ಶಿ ಮಾರ್ಗವಾಗಿ ಹೊರಟ ಕೆಂಪು ಬಸ್ಸು ಖರ್ಡಾ ಊರನ್ನು ಹಾಯುವಾಗ ಹಳೆಯ ಕೋಟೆಯೊಂದು ಕಣ್ಣಿಗೆ ಬಿತ್ತು. 1795ರಲ್ಲಿ ಮರಾಠರು ನಿಜಾಮನ ಸೈನ್ಯವನ್ನು ಸೋಲಿಸಿದ್ದು ಇದೇ ಊರಿನ ಬಳಿ. ಪಕ್ಕದಲ್ಲಿ ಕೂತಿದ್ದ ಹಿರಿಯರು ಕೈಚಾಚಿ ತೋರಿಸಿ ಅಭಿಮಾನದಿಂದ ಆ ಯುದ್ಧದ ಕತೆ ಹೇಳಿದರು. ನಾನು ಜಾಮಖೇಡಕ್ಕೆ ಹೊರಟಿದ್ದೇನೆ ಎಂದಾಗ ಅವರು ಕೇಳಿದ್ದು ಒಂದೇ ಮಾತು: "ಆರೋಳೆ ಡಾಕ್ಟರ ದವಾಖಾನೆಗಾ?" ಆರೋಳೆ ಎಂದರೆ ಈ ಭಾಗದ ಹಳ್ಳಿಗಳಲ್ಲಿ ಆರೋಗ್ಯ ಸೇವೆ ಕಟ್ಟಿದ ಕ್ರೈಸ್ತ ವೈದ್ಯ ದಂಪತಿ. ಡಾ. ಮೇಬಲ್ ಆರೋಳೆ ತೀರಿಕೊಂಡದ್ದು 1999ರಲ್ಲಿ, ಅವರ ಪತಿ ಡಾ. ರಜನೀಕಾಂತ ಆರೋಳೆ 2011ರಲ್ಲಿ. ಆ ಸೀಮೆಯ ಜನರ ಬಾಯಲ್ಲಿ ಅದು ಇಂದಿಗೂ ಅವರ ದವಾಖಾನೆಯೇ.

ಬಾಲಾಘಾಟ್ ಬೆಟ್ಟಸಾಲಿನ ಮಗ್ಗುಲಿಗೆ ಬಿದ್ದಿರುವ ಬಯಲು ಅದು. ಸಹ್ಯಾದ್ರಿ ಮಳೆಯನ್ನೆಲ್ಲ ತಡೆದುಕೊಂಡು ಉಳಿದದ್ದನ್ನಷ್ಟೇ ಇತ್ತ ಕಳಿಸುತ್ತದೆ. ಕಪ್ಪು ಬಂಡೆಯ ಮೇಲೆ ತೆಳುವಾದ ಮಣ್ಣು, ಜೋಳದ ಹೊಲ, ಜಾಲಿ, ಅಲ್ಲೊಂದು ಇಲ್ಲೊಂದು ಬೇವಿನ ಮರ. ನಮ್ಮ ವಿಜಯಪುರ, ಕಲಬುರಗಿ ಕಡೆಯವರಿಗೆ ಈ ನೆಲ ಹೊಸದೆನಿಸುವುದಿಲ್ಲ. 1972ರ ಬರದಲ್ಲಿ ಮಹಾರಾಷ್ಟ್ರದ ಲಕ್ಷಾಂತರ ಜನ ಕಲ್ಲು ಒಡೆಯುವ ಪರಿಹಾರ ಕಾಮಗಾರಿಗಳಿಗೆ ಹೋಗಿ ಜೀವ ಉಳಿಸಿಕೊಂಡರಲ್ಲ, ಆ ಬರದ ನಡುನೆಲ ಇದು. ಜಾಮಖೇಡ ಇರುವ ಅಹಮದನಗರ ಜಿಲ್ಲೆ ಈಗ ಅಹಿಲ್ಯಾನಗರ ಎಂಬ ಹೆಸರು ಪಡೆದಿದೆ. ಅಹಿಲ್ಯಾಬಾಯಿ ಹೋಳ್ಕರ್ ಹುಟ್ಟಿದ ಚೌಂಡಿ ಇದೇ ಜಾಮಖೇಡ ತಾಲ್ಲೂಕಿನಲ್ಲಿದೆ.

ಕನ್ನಡಿಗರಾದ ನಮಗೆ ಕ್ರೈಸ್ತ ಮಿಶನ್ ಎಂದರೆ ಮೊದಲು ನೆನಪಾಗುವುದು ಮಂಗಳೂರಿನ ಬಾಸೆಲ್ ಮಿಶನ್. 1834ರಲ್ಲಿ ಬಂದಿಳಿದ ಆ ಜನ ಕೊಟ್ಟ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ, ಕಿಟೆಲರ ನಿಘಂಟು. ಇವನ್ನು ನಾವು ಮರೆತಿಲ್ಲ, ಮರೆಯಲೂಬಾರದು. ಜಾಮಖೇಡದ ಕೆಲಸದ ಜಾತಿಯೇ ಬೇರೆ. ಇಲ್ಲಿ ನೋಡಬೇಕಾದದ್ದು ಕಟ್ಟಡಗಳಲ್ಲಿಲ್ಲ, ಹಳ್ಳಿಯ ಮನೆಗಳ ಅಂಗಳದಲ್ಲಿದೆ. ಅದನ್ನು ಕಣ್ಣಾರೆ ಕಾಣುವ ಆಸೆ ನನಗೆ ಬಹುಕಾಲದಿಂದ ಇತ್ತು.

ರಜನೀಕಾಂತ ಆರೋಳೆ ಇದೇ ಜಿಲ್ಲೆಯ ರಾಹುರಿಯವರು, ಉಪಾಧ್ಯಾಯ ದಂಪತಿಯ ಮಗ. ಮೇಬಲ್ ಜಬಲ್ಪುರದವರು. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ಮದುವೆಯಾದದ್ದು 1960ರಲ್ಲಿ, ಬಾಳನ್ನೆಲ್ಲ ಹಳ್ಳಿಯ ಬಡವರಿಗೆ ಕೊಡುತ್ತೇವೆಂದು ಸಂಕಲ್ಪ ಮಾಡಿಕೊಂಡು. ವಡಾಳಾ ಎಂಬಲ್ಲಿನ ಮಿಶನ್ ಆಸ್ಪತ್ರೆಯಲ್ಲಿ ಕೆಲವು ವರ್ಷ ಹಗಲಿರುಳು ದುಡಿದರು. ಅಲ್ಲಿ ಅವರನ್ನು ಕಾಡಿದ್ದು ಒಂದೇ ಸಂಗತಿ. ಭೇದಿಯಿಂದ ಬಳಲಿ ಬಂದ ಮಗುವನ್ನು ಬದುಕಿಸಿ ಮನೆಗೆ ಕಳಿಸುತ್ತಿದ್ದರು. ಕೆಲವು ತಿಂಗಳಲ್ಲಿ ಅದೇ ಮಗು, ಅದೇ ಕಾಯಿಲೆ. ಬರುವ ರೋಗಗಳಲ್ಲಿ ಹೆಚ್ಚಿನವು ಹಳ್ಳಿಯಲ್ಲೇ ತಡೆಯಬಹುದಾದವು, ಆಸ್ಪತ್ರೆಯಲ್ಲಿ ಕೂತು ಕಾಯುತ್ತಿದ್ದರೆ ಈ ಸಾವು ನಿಲ್ಲುವುದಿಲ್ಲ ಎಂದು ಅವರಿಗೆ ಮನದಟ್ಟಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ, 1970ರಲ್ಲಿ ಬಂದು ಜಾಮಖೇಡದಲ್ಲಿ ನೆಲೆ ನಿಂತರು. ಸಮಗ್ರ ಗ್ರಾಮೀಣ ಆರೋಗ್ಯ ಯೋಜನೆ ಎಂದು ಹೆಸರಿಟ್ಟರು.

ಆಗ ಈ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಆರು ತೊಟ್ಟಿಲು ತೂಗಿದರೆ ಒಂದು ಬರಿದಾಗುತ್ತಿತ್ತು. ವೈದ್ಯರು ಆರೋಗ್ಯದ ಮಾತೆತ್ತಿದರೆ ಹಳ್ಳಿಯವರು ಅನ್ನ ಮತ್ತು ನೀರಿನ ಮಾತಾಡಿದರು. ಆರೋಳೆ ದಂಪತಿ ವಾದಿಸಲಿಲ್ಲ. ಹಾಗಿದ್ದರೆ ಅಲ್ಲಿಂದಲೇ ಶುರುಮಾಡೋಣ ಎಂದರು. ಮಕ್ಕಳಿಗಾಗಿ ಊರೂರಿನಲ್ಲಿ ಸಾಮೂಹಿಕ ಅಡುಗೆ, ಕುಡಿಯುವ ನೀರಿಗೆ ಕೊಳವೆಬಾವಿ. ನನ್ನ ಕಣ್ಣಲ್ಲಿ ಅವರ ಇಡೀ ಕೆಲಸದ ಯೋಗ್ಯತೆ ಈ ಒಂದು ವಿನಯದಲ್ಲಿದೆ. ಕೊಡಲು ಬಂದವರು ಮೊದಲು ಕೇಳಿಸಿಕೊಂಡರು.

ಜಾಮಖೇಡದ ಆವರಣವನ್ನು ನಾನು ಬೇಗನೆ ನೋಡಿ ಮುಗಿಸಿದೆ. ಸಾದಾ ಆಸ್ಪತ್ರೆ, ಪುಟ್ಟ ಮಕ್ಕಳ ಶಾಲೆ, ಬೇರೆ ಬೇರೆ ದೇಶಗಳಿಂದ ಕಲಿಯಲು ಬರುವವರಿಗೆ ತರಬೇತಿ ಕೇಂದ್ರ. ಕೃತಕ ಕಾಲುಗಳನ್ನು ತಯಾರಿಸುವ ಕಾರ್ಯಾಗಾರದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಂತೆ. ಜೈಪುರ ಕಾಲು ಎಂದು ನಾವು ಕರೆಯುವಂಥದ್ದು. ಅದನ್ನು ತೊಟ್ಟು ಹೊಲದಲ್ಲಿ ಕೆಲಸ ಮಾಡಬಹುದು, ಚಕ್ಕಳಮಕ್ಕಳ ಕೂರಬಹುದು. ಕೂಲಿಯಿಂದ ಮನೆ ನಡೆಸುವ ಮನುಷ್ಯನಿಗೆ ಕಾಲು ಮರಳಿ ಬಂತೆಂದರೆ ಆ ಮನೆಯ ಮಕ್ಕಳು ಶಾಲೆ ಬಿಡಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಹತ್ತಿರದ ಹಳ್ಳಿಯೊಂದಕ್ಕೆ ಹೋದೆ. ಅಲ್ಲಿನ ಆರೋಗ್ಯ ಕಾರ್ಯಕರ್ತೆಯನ್ನು ಊರಿಗೆ ಊರೇ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ನಾನೂ ಹಾಗೆಯೇ ಕರೆದೆ. ಅರವತ್ತು ದಾಟಿದ ಹೆಂಗಸು, ಒಂಬತ್ತು ಗಜದ ಸೀರೆ, ಕೈಯಲ್ಲೊಂದು ಬಟ್ಟೆಚೀಲ. ಈ ಯೋಜನೆಯ ಬೆನ್ನೆಲುಬು ಇಂಥ ಹೆಂಗಸರೇ. ಆರಂಭದಲ್ಲಿ ತರಬೇತಾದ ನರ್ಸುಗಳನ್ನು ಹಳ್ಳಿಗಳಲ್ಲಿ ಇರಿಸುವ ಪ್ರಯತ್ನ ನಡೆದಿತ್ತು, ಅದು ಕೈಗೂಡಲಿಲ್ಲ. ಹೊರಗಿನವರ ಮಾತಿಗೆ ತಾಯಂದಿರು ಕಿವಿಗೊಡಲಿಲ್ಲ. ಆಗ ಊರಿನವರೇ ತಮ್ಮೊಳಗಿನ ಒಬ್ಬ ಹೆಂಗಸನ್ನು ಆರಿಸಿ ಕಳಿಸುವ ಪದ್ಧತಿ ಶುರುವಾಯಿತು. ಹಾಗೆ ಬಂದವರಲ್ಲಿ ಅನೇಕರು ದಲಿತರು, ಗಂಡ ಬಿಟ್ಟವರು, ವಿಧವೆಯರು, ಅಕ್ಷರ ಕಲಿಯದವರು. ವಾರವಾರ ಜಾಮಖೇಡಕ್ಕೆ ಬಂದು ಕಲಿತರು. ಜಾತಿಭೇದವಿಲ್ಲದೆ ಒಟ್ಟಿಗೆ ಉಂಡರು, ಒಟ್ಟಿಗೆ ಮಲಗಿದರು. ಊರಿಗೆ ಮರಳಿ, ತಮ್ಮನ್ನು ಹೊಸ್ತಿಲ ಆಚೆ ನಿಲ್ಲಿಸುತ್ತಿದ್ದ ಮನೆಗಳಲ್ಲೇ ಹೆರಿಗೆ ಮಾಡಿಸಿದರು.

ಮಾವಶಿ ನನ್ನನ್ನು ಒಂದು ಮನೆಗೆ ಕರೆದೊಯ್ದರು. ಹತ್ತೊಂಬತ್ತೋ ಇಪ್ಪತ್ತೋ ವರ್ಷದ ತಾಯಿ, ಮಡಿಲಲ್ಲಿ ಮಗು. ಎರಡು ದಿನದಿಂದ ಭೇದಿ. ಮಾವಶಿ ಮೊದಲು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಅದು ತಟ್ಟನೆ ಕೆಳಗಿಳಿಯಿತು. "ಇನ್ನೂ ನೀರು ಬತ್ತಿಲ್ಲ" ಎಂದು ತಾಯಿಗೆ ಹೇಳಿ, ಕಾಯಿಸಿ ಆರಿಸಿದ ನೀರು ತರಲು ಹೇಳಿದರು. ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಾವು ಕೈಹಾಕಲಿಲ್ಲ. ಎಲ್ಲವನ್ನೂ ಆ ತಾಯಿಯಿಂದಲೇ ಮಾಡಿಸಿದರು. ಚಮಚದ ಮೇಲೆ ಗುಡ್ಡೆಯಾಗಿದ್ದ ಉಪ್ಪನ್ನು ಅವಳು ಬೆರಳಿನಿಂದ ಸವರಿ ಸಮ ಮಾಡುವವರೆಗೂ ಬಿಡಲಿಲ್ಲ. ಕಲಕಿದ ಮೇಲೆ, "ಈಗ ನೀನು ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡು" ಎಂದರು. ಅವಳು ನಾಲಗೆಗೆ ಹಚ್ಚಿಕೊಂಡು ಸರಿಯಿದೆ ಎಂದು ತಲೆಯಾಡಿಸಿದಳು. ಚಮಚ ಚಮಚವಾಗಿ ಕುಡಿಸುತ್ತ ಕೂತಳು.

ಒಳಗಿನಿಂದ ಅತ್ತೆ ಬಂದು, ಭೇದಿಯಾಗುವಾಗ ನೀರು ಕೊಟ್ಟರೆ ಇನ್ನಷ್ಟು ಹೋಗುತ್ತದಲ್ಲ ಎಂದರು. ಮಾವಶಿಗೆ ಕೋಪ ಬರಲಿಲ್ಲ. "ನನ್ನ ಮೊದಲ ಮಗು ಹಾಗೆಯೇ ಹೋಯಿತು, ಅಕ್ಕ. ನಾನೂ ನೀರು ಕೊಟ್ಟಿರಲಿಲ್ಲ" ಎಂದಷ್ಟೇ ಹೇಳಿದರು. ಆ ಮಾತನ್ನು ಯಾವ ವೈದ್ಯರೂ ಹೇಳಲಾರರು. ಊರಿನ ಹೆಂಗಸೇ ಏಕೆ ಬೇಕು ಎಂಬುದು ನನಗೆ ಅರ್ಥವಾದದ್ದು ಆ ಕ್ಷಣ.

ಹೊರಡುವ ಮುನ್ನ ಮಾವಶಿ ಚೀಲದಿಂದ ಬಣ್ಣದ ಪಟ್ಟಿಯೊಂದನ್ನು ತೆಗೆದು ಮಗುವಿನ ಎಡತೋಳಿಗೆ ಸುತ್ತಿದರು. ತೋಳಿನ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್ ಮೇಲಿದ್ದರೆ ಹಸಿರು, ಕೆಳಗಿಳಿದರೆ ಹಳದಿ, ಹನ್ನೊಂದೂವರೆಗಿಂತ ಕಡಿಮೆಯಾದರೆ ಕೆಂಪು. ಓದು ಬರದವರಿಗೂ ಅಪಾಯ ಕಾಣುತ್ತದೆ. ಪಟ್ಟಿ ಹಸಿರಿನ ಅಂಚಿನಲ್ಲಿತ್ತು. ಭೇದಿ ನಿಂತ ಮೇಲೆ ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ ಉಣಿಸಬೇಕೆಂದು ಹೇಳಿ, ಬೇಳೆ, ಶೇಂಗಾಪುಡಿ, ಎಣ್ಣೆ ಎಂದು ಆ ಮನೆಯಲ್ಲಿ ಇದ್ದದ್ದನ್ನೇ ಎಣಿಸಿ ತೋರಿಸಿದರು.

ಇಂಥ ಮನೆಭೇಟಿಗಳನ್ನು ವರ್ಷಗಟ್ಟಲೆ ಕೂಡಿಸುತ್ತ ಹೋದರೆ ಏನಾಗುತ್ತದೆ? 1990ರ ದಶಕದ ಹೊತ್ತಿಗೆ ಯೋಜನೆಯ ಹಳ್ಳಿಗಳಲ್ಲಿ ಶಿಶುಮರಣ ಸಾವಿರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಆರೋಳೆ ದಂಪತಿಗೆ 1979ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಮ್ಮ ಊರುಗಳಲ್ಲಿ ಈಗ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಯೋಜನೆ 2005ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಪ್ರೇರಣೆಯಾದ ಪ್ರಯೋಗಗಳಲ್ಲಿ ಜಾಮಖೇಡವೂ ಒಂದು.

ಊರ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಬಾವಿಯ ಕತೆ ಹೇಳಿದರು. ಬರದ ಕಾಲದಲ್ಲಿ ಕೊಳವೆಬಾವಿ ತೋಡಿಸುವಾಗ ಆರೋಳೆ ಡಾಕ್ಟರು ದಲಿತರ ಕೇರಿಯಲ್ಲೇ ಜಾಗ ಗುರುತು ಮಾಡಿಸಿದರಂತೆ. ನೀರು ಬಿದ್ದದ್ದೂ ಅಲ್ಲಿಯೇ. ಮೇಲಿನ ಕೇರಿಯ ಹೆಂಗಸರು ಕೆಲವು ದಿನ ಹಿಂದೆಮುಂದೆ ನೋಡಿ, ಕೊನೆಗೆ ಕೊಡ ಹಿಡಿದು ಬಂದರು. "ಬಾಯಾರಿಕೆ ಮಡಿ ಕೇಳುವುದಿಲ್ಲ" ಎಂದು ನಕ್ಕರು ಹಿರಿಯರು. ಭಾಷಣ ಮಾಡಿ ಮುರಿಯಲಾಗದ್ದನ್ನು ಒಂದು ಕೈಪಂಪು ಮುರಿಯಿತು. ಮಕ್ಕಳ ಅಡುಗೆಯಲ್ಲೂ ಅಷ್ಟೆ: ಎಲ್ಲ ಕೇರಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಂಡ ಮೇಲೆ ದೊಡ್ಡವರ ಬಿಗಿಯೂ ಸಡಿಲಿತು.

ಇದನ್ನು ಓದುವ ಕೆಲವರ ಮನಸ್ಸಿನಲ್ಲಿ ಮತಾಂತರದ ಪ್ರಶ್ನೆ ಏಳಬಹುದು. ಅದನ್ನು ನೇರವಾಗಿಯೇ ಎತ್ತಿಕೊಳ್ಳುತ್ತೇನೆ. ಆರೋಳೆ ದಂಪತಿ ನಂಬಿಕೆಯಿಂದ ಕ್ರೈಸ್ತರು, ತಮ್ಮ ಸೇವೆಯ ಬೇರು ಕ್ರಿಸ್ತನಲ್ಲಿದೆ ಎಂಬುದನ್ನು ಮುಚ್ಚಿಟ್ಟವರಲ್ಲ. ಆದರೆ ಅವರ ಸೇವೆ ಯಾರ ದೇವರನ್ನೂ ಕೇಳಿ ನಡೆದದ್ದಲ್ಲ. ಮಾವಶಿಯ ಮನೆಯ ಗೋಡೆಯ ಮೇಲೆ ವಿಠೋಬ ಇದ್ದಾನೆ, ಬಾಬಾಸಾಹೇಬರಿದ್ದಾರೆ. ಆಷಾಢದಲ್ಲಿ ಪಂಢರಪುರದ ವಾರಿಗೆ ನಡೆದು ಹೋಗುತ್ತಾರೆ. "ಡಾಕ್ಟರ್‌ಬಾಯಿ ನನಗೆ ಪ್ರಾರ್ಥನೆ ಕಲಿಸಲಿಲ್ಲ, ನಾಡಿ ನೋಡುವುದನ್ನು ಕಲಿಸಿದರು" ಎಂದರು. ನನಗೆ ಅದೇ ದೊಡ್ಡ ಪ್ರಾರ್ಥನೆಯಾಗಿ ಕೇಳಿಸಿತು.

ಹಿಂದಿರುಗುವಾಗ ಸುತ್ತು ಹಾದಿ ಹಿಡಿದು ದೌಂಡ್ ಸಮೀಪದ ಕೇಡಗಾಂವ್‌ಗೆ ಹೋದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ಇರುವುದು ಅಲ್ಲಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಆಕೆ ತಂದೆತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡವರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಇಲ್ಲಿ ಆಶ್ರಯ ಕೊಟ್ಟರು. ಹೊತ್ತು ಕಡಿಮೆಯಿತ್ತು, ಒಂದು ಸುತ್ತು ನೋಡಿ ಬಂದೆ. ಆದರೂ ಎರಡನ್ನೂ ಒಟ್ಟಿಗೆ ನೋಡಿದ್ದು ಒಳ್ಳೆಯದಾಯಿತು. ಮನೆಯೇ ಉಳಿದಿರದ ಮಕ್ಕಳಿಗೆ ರಮಾಬಾಯಿ ಮನೆಯಾದರು, ಆ ಕಾಲಕ್ಕೆ ಬೇರೆ ದಾರಿಯಿರಲಿಲ್ಲ. ಜಾಮಖೇಡದವರು ಇನ್ನೊಂದು ತುದಿಯಿಂದ ಹಿಡಿದರು: ಮಗುವನ್ನು ಎಲ್ಲಿಗೂ ಒಯ್ಯಲಿಲ್ಲ, ತಾಯಿಯ ಮಡಿಲಲ್ಲೇ ಬಿಟ್ಟು ಆ ಮಡಿಲಿಗೆ ಬಲ ತುಂಬಿದರು. ಹಳ್ಳಿಯ ಮಕ್ಕಳಿಗಾಗಿ ದುಡಿಯಬೇಕೆಂದಿರುವ ಯಾವುದೇ ಧರ್ಮದ ಸಂಸ್ಥೆ ಇಂದು ಕಲಿಯಬೇಕಾದದ್ದು ಈ ಎರಡನೆಯ ದಾರಿಯನ್ನು ಎಂದು ನಾನು ಬಲವಾಗಿ ನಂಬುತ್ತೇನೆ.

ಮಾವಶಿಯ ಹಳ್ಳಿಯಲ್ಲಿ ಇನ್ನೂ ಬಗೆಹರಿಯದ ಒಂದು ಸಂಕಟವಿದೆ. ದೀಪಾವಳಿ ಮುಗಿಯುತ್ತಲೇ ಊರು ಬರಿದಾಗುತ್ತದೆ. ಮುಕಾದಮನಿಂದ, ಅಂದರೆ ಕೂಲಿ ಗುತ್ತಿಗೆದಾರನಿಂದ, ಮುಂಗಡ ಪಡೆದ ಗಂಡಹೆಂಡಿರು ಕಬ್ಬು ಕಡಿಯಲು ಹೊರಡುತ್ತಾರೆ. ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಎಂದು ಲೆಕ್ಕ; ಆಯುಧದ ಹೆಸರೇ ಮನುಷ್ಯರಿಗೆ. ಮೊಲೆ ಕುಡಿಯುವ ಕೂಸುಗಳು ಜೊತೆಗೆ ಹೋಗುತ್ತವೆ, ದೊಡ್ಡ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತವೆ ಅಥವಾ ತಮ್ಮತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಟ್ಟು ಹೊರಡುತ್ತವೆ. ವರ್ಷದ ನಾಲ್ಕೈದು ತಿಂಗಳು ಮಾವಶಿಯ ಕಣ್ಣಿಗೆ ಆ ಮಕ್ಕಳು ಬೀಳುವುದಿಲ್ಲ.

"ಭಾವು, ನಮ್ಮವರು ನಿಮ್ಮ ಬೆಳಗಾವಿ ಕಡೆಗೂ ಬರುತ್ತಾರಲ್ಲ, ಅಲ್ಲಿ ಅವರ ಮಕ್ಕಳನ್ನು ಯಾರು ನೋಡುತ್ತಾರೆ?" ಎಂದು ಕೇಳಿದರು. ಅಥಣಿ, ಚಿಕ್ಕೋಡಿ ಕಡೆ ಗದ್ದೆಯಂಚಿನ ಆ ಗುಡಿಸಲುಗಳನ್ನು ನಾನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಸ್ಥಳೀಯ ಆಶಾ ಕಾರ್ಯಕರ್ತೆಯರಿಗೆ ಸುದ್ದಿ ಮುಟ್ಟಿದರೆ ಅವರು ಬರುತ್ತಾರೆ, ಮುಟ್ಟದಿದ್ದರೆ ಇಲ್ಲ ಎಂದು ಇದ್ದದ್ದನ್ನು ಹೇಳಿದೆ. ಮಾವಶಿ ಎದ್ದು ಒಳಗಿನಿಂದ ಲಸಿಕೆಯ ಕಾರ್ಡೊಂದನ್ನು ತಂದರು. ಪ್ಲಾಸ್ಟಿಕ್ ಹೊದಿಕೆ ಹಾಕಿ, ಮುಂದಿನ ಲಸಿಕೆಯ ದಿನಾಂಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಹೊರಡುವ ಪ್ರತಿ ತಾಯಿಗೂ ಹೀಗೆ ಮಾಡಿ ಕೊಡುತ್ತಾರಂತೆ, ರೇಷನ್ ಕಾರ್ಡಿನ ಜೊತೆ ಕಟ್ಟಿಕೊಳ್ಳಲು ಹೇಳುತ್ತಾರಂತೆ.

"ಮರಾಠಿ ಓದಲು ಬರದಿದ್ದರೂ ಪರವಾಗಿಲ್ಲ, ದಿನಾಂಕ ನೋಡಿದರೆ ಸಾಕು. ಕಾರ್ಡು ತೋರಿಸು ಎಂದು ಕೇಳುವವರೊಬ್ಬರು ಬೇಕು. ನಿಮ್ಮ ಜನರಿಗೆ ಹೇಳಿ" ಎಂದರು.

ಹೇಳುತ್ತಿದ್ದೇನೆ. ಲಸಿಕೆಗೆ ಊರಿನ ಹಂಗಿಲ್ಲ. ಮಗು ಎಲ್ಲಿಯದಾದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ನಿಮ್ಮ ಹೊಲಕ್ಕೋ ಪಕ್ಕದ ಹೊಲಕ್ಕೋ ಕಬ್ಬಿನ ಗ್ಯಾಂಗ್ ಬಂದಿಳಿದಿದ್ದರೆ ಗುಡಿಸಲಿಗೆ ಹೋಗಿ ಕಾರ್ಡು ಕೇಳಿ, ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ.