ಡಿಓ 7.2, ಮೀನು ಮಾತ್ರ ಮುಳುಗುತ್ತಿತ್ತು

ಮೀಟರಿನಲ್ಲಿ ಡಿಓ (ನೀರಿನಲ್ಲಿ ಕರಗಿದ ಆಮ್ಲಜನಕ) 7.2, ಅಮೋನಿಯಾ ಸೊನ್ನೆ, ಪಿಎಚ್ 7.4, ನೀರು 27 ಡಿಗ್ರಿ, ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಎರಡು. ಇಷ್ಟೆಲ್ಲ ಸರಿಯಿದ್ದೂ, ಕೆರೆಯಿಂದ ಬಂದ ಒಂದಡಿ ಉದ್ದದ ಮರಲ್ ಮೀನು ಕ್ವಾರಂಟೈನ್ ಟ್ಯಾಂಕಿನ ಮುಚ್ಚಳಕ್ಕೆ ಮೂತಿ ಒತ್ತಿಕೊಂಡು ಒಂದು ಮಗ್ಗುಲಿಗೆ ವಾಲುತ್ತಿತ್ತು.

ತಪ್ಪು ನನ್ನದೇ. ಮರಲ್ ಹಾರುತ್ತದೆ, ಎರಡು ಬೆರಳಿನ ಸಂದಿ ಸಿಕ್ಕರೂ ಸಾಕು ಎಂದು ಗೊತ್ತಿತ್ತು. ಹಾಗಾಗಿ ಅಂಚಿನವರೆಗೆ ನೀರು ತುಂಬಿಸಿ, ಗಾಜಿನ ಮುಚ್ಚಳ ಕೂರಿಸಿ, ನಾಲ್ಕೂ ಮೂಲೆಗೆ ಕ್ಲಾಂಪ್ ಬಿಗಿದಿದ್ದೆ. ಅಂಚಿನವರೆಗೆ ತುಂಬಿಸಬೇಕೆಂದು ಟ್ಯಾಂಕ್ ಸಜ್ಜುಮಾಡುವ ಚೆಕ್‌ಲಿಸ್ಟಿನಲ್ಲೂ ಇದೆ, ಫೋಟೊದಲ್ಲಿ ನೀರಿನ ಗೆರೆ ಕಾಣಬಾರದಂತೆ. ಅದನ್ನು ಬರೆದವರ ತಲೆಯಲ್ಲಿ ಇದ್ದದ್ದು ಗೋಲ್ಡ್‌ಫಿಶ್.

ಮೊದಲ ಹತ್ತು ನಿಮಿಷ ಹಾಳಾಗಿದ್ದು ಮೀಟರ್ ಜೊತೆ ಗುದ್ದಾಡುವುದರಲ್ಲಿ. ಪ್ರೋಬ್ ತೊಳೆದೆ, ಕ್ಯಾಲಿಬ್ರೇಟ್ ಮಾಡಿದೆ, ಏರ್‌ಪಂಪ್ ಜೋರು ಮಾಡಿದೆ. ಅಷ್ಟರಲ್ಲಿ ಗಾಜಿನಡಿ ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ ಕೂಡಿಕೊಂಡಿತು. ಮೀನು ಅದರತ್ತ ಬಾಯಿ ತೆರೆದು ತೆರೆದು ಹೀರಲು ನೋಡುತ್ತಿತ್ತು. ಆಗ ಹೊಳೆಯಿತು: ಇದಕ್ಕೆ ಬೇಕಿದ್ದದ್ದು ನೀರಿನೊಳಗಿನ ಆಮ್ಲಜನಕವಲ್ಲ, ನೀರಿನ ಮೇಲಿನ ಗಾಳಿ.

ಮುಚ್ಚಳ ತೆಗೆದರೆ ಹಾರಿ ನೆಲಕ್ಕೆ ಬೀಳುತ್ತದೆ. ಒಂದು ಮೂಲೆಯ ಕ್ಲಾಂಪ್ ಮಾತ್ರ ಸಡಿಲಿಸಿ ಪೈಪ್ ತೂರಿಸಿ ಸೈಫನ್ ಹಾಕಿದೆ. 90×45 ಸೆಂ.ಮೀ. ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಇಳಿಯಲು ಸುಮಾರು ನಾಲ್ಕು ಲೀಟರ್ ಹೋಗಬೇಕು. ಮೊದಲ ಬಕೆಟ್ ತುಂಬುವ ಹೊತ್ತಿಗೆ ಗುಳುಕ್ ಎಂದು ಗಾಳಿ ನುಂಗಿತು, ಕಿವಿರಿನ ಅಂಚಿನಿಂದ ಗುಳ್ಳೆ ಹೊರಟಿತು. 8 ಸೆಂ.ಮೀ. ಇಳಿದಾಗ ನೆಟ್ಟಗೆ ನಿಂತಿತು.

ಮರಲ್ ಕಿವಿರು ಮಾತ್ರ ನಂಬಿ ಬದುಕುವ ಮೀನಲ್ಲ. ಕಿವಿರಿನ ಮೇಲ್ಗಡೆ ತಲೆಯೊಳಗೆ ಗಾಳಿ ಉಸಿರಾಡಲು ಪ್ರತ್ಯೇಕ ಕೋಣೆಯಿದೆ. ಮೇಲೆ ಬರಲು ಬಿಡದಿದ್ದರೆ ಎಷ್ಟೇ ಏರ್‌ಸ್ಟೋನ್ ಹಾಕಿದರೂ ಉಸಿರುಗಟ್ಟುತ್ತದೆ. ಏರ್‌ಸ್ಟೋನ್ ಇರುವುದು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ. ಸಾಗಿಸುವ ಬಾಕ್ಸಿನಲ್ಲೂ ಮೂರನೇ ಒಂದು ಪಾಲು ನೀರು ಸಾಕು, ಉಳಿದದ್ದು ಗಾಳಿ. ಟ್ಯಾಂಕಿನಲ್ಲಿ ಕನಿಷ್ಠ 8 ಸೆಂ.ಮೀ. ಖಾಲಿ ಬಿಡಿ. ಕ್ಲಾಂಪ್ ಬೇಕೇ ಬೇಕು, ಪೈಪ್ ಹೋಗುವ ತೂತಿಗೆ ಸ್ಪಾಂಜ್ ತುರುಕಿ.

ಮೊದಲ ವಾರ ಏನೂ ತಿನ್ನದಿದ್ದರೆ ಗಾಬರಿ ಬೇಡ. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಲೈಟ್ ಆರಿಸಿ, ತೇಲುವ ಗಿಡ ಬಿಡಿ. ಸಂಜೆ ಎರೆಹುಳು ಹಾಕಿ. ಅದನ್ನು ಹಿಡಿದರೆ, ನಂತರ ಸಿಪ್ಪೆ ಸುಲಿದ ಸೀಗಡಿಯನ್ನು ಇಕ್ಕಳದಲ್ಲಿ ಹಿಡಿದು ಅಲುಗಾಡಿಸಿ. ಬದುಕಿರುವ ಗೋಲ್ಡ್‌ಫಿಶ್ ಹಾಕಿ ಅಭ್ಯಾಸ ಕೆಡಿಸಬೇಡಿ: ರೋಗ ತರುತ್ತವೆ, ಅವುಗಳ ಮೈಯಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ವಿಟಮಿನ್ ಹಾಳುಮಾಡುತ್ತದೆ. ತಿಂದುಳಿದ ತುಂಡನ್ನು ಅರ್ಧ ಗಂಟೆಯೊಳಗೆ ತೆಗೆಯದಿದ್ದರೆ ಮರುದಿನ ಅಮೋನಿಯಾ ಏರಿರುತ್ತದೆ. ಹೊಟ್ಟೆ ತುಂಬಿದ ಮೀನನ್ನು ಬೆದರಿಸಿದರೆ ತಿಂದದ್ದೆಲ್ಲ ಕಕ್ಕುತ್ತದೆ. ಹಾಗಾಗಿ ಆಹಾರ ಹಾಕಿದ ದಿನ ನೀರು ಬದಲಿಸಬೇಡಿ.

ಕ್ವಾರಂಟೈನ್ ನಾಲ್ಕು ವಾರ. ಕೆರೆ ಮೀನಿನ ರೆಕ್ಕೆಯ ಬುಡದಲ್ಲಿ ದಾರದ ತುಂಡಿನಂತೆ ಜೋತಾಡುವುದು ಆಂಕರ್ ವರ್ಮ್ ಎಂಬ ಪರಾವಲಂಬಿ. ಚಿಮಟದಿಂದ ಕಿತ್ತು ಹಾಕಿದರೆ ಮುಗಿಯಲಿಲ್ಲ, ಮರಿಗಳು ನೀರಿನಲ್ಲೇ ಇರುತ್ತವೆ, ಔಷಧಿಯನ್ನೂ ಕೊಡಬೇಕು.

ಆಮೇಲಿನದು ಜಾಗದ ಲೆಕ್ಕ. ಈ ಸೈಜಿಗೆ 90 ಸೆಂ.ಮೀ. ಟ್ಯಾಂಕ್ ಕ್ವಾರಂಟೈನಿಗಷ್ಟೇ. ಬೆಳೆದ ಮರಲ್‌ಗೆ 6×2×2 ಅಡಿ, ಅಂದರೆ ಸುಮಾರು 680 ಲೀಟರ್ ಬೇಕು, ಅದೂ ಒಂದಕ್ಕೆ. ಅಷ್ಟು ಜಾಗ ಇಲ್ಲವೆಂದು ಮನೆಯವರು ಮೊದಲೇ ಹೇಳಿದರೆ ಒಳ್ಳೆಯದು. ಟ್ಯಾಂಕಿನಲ್ಲಿ ಬೇರೆ ಮೀನುಗಳ ಜೊತೆ ಇದ್ದದ್ದನ್ನು ವಾಪಸ್ ಕೆರೆಗೆ ಬಿಡುವಂತಿಲ್ಲ, ರೋಗವೂ ಜೊತೆಗೆ ಹೋಗುತ್ತದೆ.

ಚೆಕ್‌ಲಿಸ್ಟಿನಲ್ಲಿ ಆ ಸಾಲು ಇವತ್ತಿಗೂ ಹಾಗೇ ಇದೆ. ನನ್ನ ಪ್ರತಿಯಲ್ಲಿ ಪೆನ್ನಿನಿಂದ ಹೊಡೆದು ಹಾಕಿ, ಪಕ್ಕದಲ್ಲಿ 8 ಸೆಂ.ಮೀ. ಎಂದು ಬರೆದಿದ್ದೇನೆ.